ಔಡಲೆಲೆಯ ಕಮೋಡು, ಕಣ್ಣಿಗೆ ಕಟ್ಟಿದ ತಪ್ಪು

ಬರೆಯುವವರಿಗೆ ಸಿಗುವ ಅತಿ ದೊಡ್ಡ ಬಹುಮಾನ ಯಾವುದು ಹೇಳಿ? ಶಾಲು? ಹಾರ? ಹಣ್ಣಿನ ಬುಟ್ಟಿ? ಅಲ್ಲವೇ ಅಲ್ಲ. 'ಮೇಡಂ, ಕಣ್ಣಿಗೆ ಕಟ್ಟಿದ ಹಾಗೆ ಬರೀತೀರಿ' ಅಂತ ಗುರುತಿಲ್ಲದ ಯಾರೋ ಬರೆಯುವ ಒಂದು ಪೋಸ್ಟ್‌ಕಾರ್ಡು. ಅಂಥವು ನನ್ನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಇವೆ. ಬೇಜಾರಾದಾಗ ತೆಗೆದು ಓದಿಕೊಳ್ಳುತ್ತೇನೆ.

ಇಂಥ ನನ್ನನ್ನು ಹೋದ ತಿಂಗಳು ಹೈದರಾಬಾದಿನ ಅಬಿಡ್ಸ್ ಪೇಟೆಯಲ್ಲಿ ಎರಡನೇ ಮಹಡಿಯ ಒಂದು ಆಫೀಸಿನಲ್ಲಿ ಕೂರಿಸಿ, ಮುಂದೆ ಸ್ಟ್ಯಾಂಪ್ ಪೇಪರ್ ಇಟ್ಟರು. ಅದರಲ್ಲಿ ಟೈಪ್ ಮಾಡಿದ್ದ ಸಾಲಿನ ಸಾರಾಂಶ ಇಷ್ಟು: 'ನಾನು ಬರೆದದ್ದು ಓದಿದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ ಎಂದು ಈ ಮೂಲಕ ಪ್ರಮಾಣ ಮಾಡುತ್ತೇನೆ.' ಕೆಳಗೆ ನನ್ನ ಸಹಿಗೆ ಜಾಗ.

ಕಾರಣ? ಒಂದು ಕಮೋಡು.

ನಗಬೇಡಿ. (ನಗಿ, ಆದರೆ ಪೂರ್ತಿ ಓದಿ ನಗಿ.)

ನಮ್ಮವರು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಯಾವುದರ ನಕ್ಷೆ? ದೇವರಾಣೆ ನನಗೆ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದೆ. 'ಒಂದ ಸಾಮಾನು' ಅಂದರು. ಹತ್ತು ವರ್ಷ ಬಿಟ್ಟು ಮತ್ತೆ ಕೇಳಿದೆ. 'ಅದ ಸಾಮಾನು, ಸ್ವಲ್ಪ ದೊಡ್ಡದು' ಅಂದರು. ನಾನು ಕೇಳುವುದನ್ನೇ ಬಿಟ್ಟೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದರಲ್ಲ, ಆಗಲೂ ಬಾಯಿ ಬಿಡಲಿಲ್ಲ.

ಅವರು ಬರೆದ ಒಂದು ನಕ್ಷೆಯ ಮೇಲೂ ಅವರ ಹೆಸರಿಲ್ಲ. ಬರೀ ನಂಬರು. ನನ್ನ ಹೆಸರು ನೋಡಿ, ಪ್ರತಿ ಭಾನುವಾರ ಹದಿನೈದು ವರ್ಷ ಹಳೆಯ ಫೋಟೋ ಸಮೇತ ನಿಮ್ಮ ಮನೆಗೆ ಬರುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನೂ ನೆನಪಿಟ್ಟುಕೊಳ್ಳಿ. ನಮ್ಮವರು ನನ್ನ ಅಂಕಣ ಓದುವುದಿಲ್ಲ. ದ್ವೇಷವೇನಿಲ್ಲ, ಪಾಪ. ಊರಿನಿಂದ ಅಂಚೆಯಲ್ಲಿ ಪೇಪರು ಬಂದಾಗ ಎದುರಿಗೆ ಹಿಡಿದರೆ, 'ಆಮ್ಯಾಲೆ ಓದ್ತೀನಿ ತಗೋ' ಅನ್ನುತ್ತಾರೆ. ಆ 'ಆಮ್ಯಾಲೆ' ಹನ್ನೊಂದು ವರ್ಷದಿಂದ ಬಂದಿಲ್ಲ. ಗುರುತಿಲ್ಲದವರ ಕಾರ್ಡು ಡಬ್ಬಿ ತುಂಬಿದರೂ ಮನೆಯ ಗಂಡಸು ಒಂದು ಸಾಲು ಓದಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಸಿಟ್ಟಿತ್ತು. ಸಿಟ್ಟು ಅಂದೆನೇ? ದುಃಖ ಅನ್ನಿ.

ಸರಿ. ನಿವೃತ್ತಿಯಾಯಿತು. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ನಮ್ಮವರು, ನಾನು, ಅತ್ತೆಯವರು. ಮೊದಲ ವಾರವೇ ಅವರು ನನ್ನ ಅಡುಗೆಮನೆಯ ಡಬ್ಬಿಗಳನ್ನು ಸ್ಕೇಲ್ ಹಿಡಿದು ಒಂದೇ ಗೆರೆಗೆ ತಂದರು. ಎರಡನೇ ವಾರ ಸಾಸಿವೆ, ಜೀರಿಗೆ, ಮೆಂತ್ಯದ ಡಬ್ಬಿಗಳಿಗೆ ನಂಬರು ಬಿತ್ತು. ನಾನು ಒಗ್ಗರಣೆಗೆ ಎಂ-ಏಳು ಹುಡುಕುವ ಹಾಗಾಯಿತು.

ಅಷ್ಟರಲ್ಲಿ ಈ ಊರಿಗೆ ಸಾಫ್ಟ್‌ವೇರ್ ಎಂಬ ಮಳೆ ಹೊಡೆಯಿತಲ್ಲ. ಮಿಯಾಪುರದ ಕಡೆ ಬಂಡೆ ಒಡೆದಲ್ಲೆಲ್ಲ ಅಪಾರ್ಟ್‌ಮೆಂಟು ಎದ್ದವು. ಮೊದಲು ಮನೆ ನೋಡಲು ಬಂದವರು 'ನಳದಾಗ ದಿನಾ ನೀರು ಬರ್ತಾವೇನ್ರಿ?' ಅಂತ ಕೇಳುತ್ತಿದ್ದರು. ಈಗ ಕುತ್ತಿಗೆಗೆ ಗುರುತಿನ ಪಟ್ಟಿ ನೇತುಹಾಕಿಕೊಂಡ ಜೋಡಿಗಳು ಬಂದು 'ಬಾತ್‌ರೂಮ್ ಎಷ್ಟು? ಥೀಮ್ ಏನು?' ಅಂತ ಕೇಳುತ್ತಾರೆ. ಬಚ್ಚಲಿಗೂ ಥೀಮ್! ನಮ್ಮ ಬೀದಿಯ ತುದಿಯಲ್ಲಿ ಟೈಲ್ಸು, ನಲ್ಲಿ, ಕಮೋಡು ಮಾರುವ ಸೇಠ್ ಒಬ್ಬರಿದ್ದಾರೆ. ನಮ್ಮವರು ನಲ್ಲಿಯ ವಾಷರ್ ತರಲು ಹೋದಾಗ ಅವರು ಗೋಳಾಡಿಕೊಂಡರಂತೆ: 'ಲೋಗಾಂ ಡಿಸೈನ್ ಪೂಛ್‌ರೈಂ ಸಾಬ್. ಸಬ್ ಸಫೇದ್ ಪಡಾ ಹೈ. ಕುಚ್ ನಯಾ ಹೋನಾ.' ಜನ ಡಿಸೈನ್ ಕೇಳುತ್ತಾರೆ, ಅಂಗಡಿಯಲ್ಲಿ ಬಿದ್ದಿರುವುದೆಲ್ಲ ಬಿಳಿ, ಏನಾದರೂ ಹೊಸದು ಬೇಕು ಅಂತ.

ಹೊಸ ಡಿಸೈನ್ ಬರೆದುಕೊಟ್ಟರೆ ಅದನ್ನು ಸರ್ಕಾರದಲ್ಲಿ ರಿಜಿಸ್ಟರ್ ಮಾಡಿಸಬಹುದು, ಆಮೇಲೆ ಬೇರೆ ಯಾರೂ ನಕಲು ಮಾಡುವ ಹಾಗಿಲ್ಲ, ಕಾಗದ ನಿಮ್ಮ ಹೆಸರಿಗೇ ಬರುತ್ತದೆ ಅಂತ ಸೇಠ್ ಹೇಳಿದರು.

'ನನ್ನ ಹೆಸರಿಗೆ?' ಅಂತ ನಮ್ಮವರು ಅಂಗಡಿಯಲ್ಲೂ ಕೇಳಿದರಂತೆ. ಮನೆಗೆ ಬಂದು ನನ್ನನ್ನೂ ಕೇಳಿದರು. 'ನನ್ನ ಹೆಸರು ಅಚ್ಚು ಹಾಕಿ ಕಳಸ್ತಾರಂತ. ಮುದ್ರಿ ಹೊಡದು.' ವಾಷರ್ ತರುವುದು ಮರೆತಿದ್ದರು. ಮರುದಿನ ಹಾಲಿನ ಗೋಡೆಗೆ, ನನ್ನ ಸನ್ಮಾನಪತ್ರದ ಪಕ್ಕದಲ್ಲಿ, ಒಂದು ಮೊಳೆ ಹೊಡೆದರು. ಸರ್ಟಿಫಿಕೇಟಿಗೆ. ಡಿಸೈನಿನ ಒಂದು ಗೆರೆಯೂ ಇನ್ನೂ ಬಿದ್ದಿರಲಿಲ್ಲ.

ಅತ್ತೆಯವರು ಧಾರವಾಡದ ಕಡೆಯವರು. ಕಸೂತಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಬಿಳಿ ಕಮೋಡಿನ ಮೇಲೆ ನೀಲಿ ದಾರದಲ್ಲಿ ಕಸೂತಿ ಹಾಕಿದ ಹಾಗೆ ಚಿತ್ರ ಬರೆದು, ಭಟ್ಟಿಯಲ್ಲಿ ಸುಡಿಸಬೇಕು ಅನ್ನುವುದು ನಮ್ಮವರ ಐಡಿಯಾ. ಬೆಳಿಗ್ಗೆ ತಿಂಡಿಯಾದ ಮೇಲೆ ತಾಯಿ ಮಗ ಊಟದ ಟೇಬಲ್ಲಿಗೆ ಕೂತರು. ಕಷ್ಟ ಶುರುವಾದದ್ದೇ ಅಲ್ಲಿ.

'ಗೋಪುರ ತಗೀಲೇನವಾ?'

'ಸಂಡಾಸಕ್ಕ ಗೋಪುರ? ತಲಿ ನೆಟ್ಟಗೈತೇನೋ ಬಸೂ?'

'ತುಳಸಿಕಟ್ಟಿ?'

'ಶಿವಶಿವಾ!'

'ಹೋಗ್ಲಿ. ಆನಿ?'

'ಗಣಪ್ಪ.'

'ನವಲು?'

'ಷಣ್ಮುಖಪ್ಪ ಇಳದು ನಡಕೋತ ಹೋಗಬೇಕೇನು?'

'ಕಮಲ?'

'ಕಮಲದಾಗ ಲಕ್ಷ್ಮಿ ಕುಂದರತಾಳ. ಅಲ್ಲಿ ನೀ ಕುಂದರತೀಯೇನು? ಮುಂದ ಬಸವಣ್ಣನ್ನ ಬರೀಲೇನಂತ ಕೇಳಬ್ಯಾಡ ಮತ್ತ. ಅದು ನಿನ್ನ ಹೆಸರು.'

ಇಲಿ ಹೋಯಿತು. ನಾಯಿ ಹೋಯಿತು. ಕೋಣಕ್ಕೆ ಯಮ, ಕಾಗೆಗೆ ಶನಿ, ಗೂಗೆಗೆ ಮತ್ತೆ ಲಕ್ಷ್ಮಿ. ನಮ್ಮ ದೇವರುಗಳು ಒಂದು ಪ್ರಾಣಿಯನ್ನಾದರೂ ಖಾಲಿ ಬಿಟ್ಟಿದ್ದಾರೆಯೇ? ಎಲ್ಲದಕ್ಕೂ ರಿಸರ್ವೇಷನ್ ಆಗಿದೆ. ಮಧ್ಯಾಹ್ನದ ಹೊತ್ತಿಗೆ ಗಿಡಮರಕ್ಕೆ ಇಳಿದರು. ಬಾಳೆ ಎಲೆ? ಊಟದ್ದು. ವೀಳ್ಯದೆಲೆ? ಮದುವೆ ಮುಂಜಿಯ ಆಯಾರದ್ದು, ಉಡುಗೊರೆಯದ್ದು. ಬೇವು? 'ಎಲ್ಲವ್ವನ ಸುದ್ದಿಗೆ ಹೋಗಬ್ಯಾಡ.' ಬಿಲ್ವಪತ್ರೆ ಅನ್ನಲು ನಮ್ಮವರಿಗೆ ಧೈರ್ಯ ಬರಲಿಲ್ಲ.

ಕೊನೆಗೆ ಅತ್ತೆಯವರೇ ಬೆಳ್ಳುಳ್ಳಿ ಬಿಡಿಸುತ್ತಾ ಅಂದರು: 'ಔಡಲ ಹಾಕೋ.'

'ಔಡಲ?'

'ಹೂಂ. ಸಣ್ಣಾಂವ ಇದ್ದಾಗ ಮೂಗು ಹಿಡದು ಔಡಲೆಣ್ಣಿ ಕುಡಿಸಿ ಕಳಸ್ತಿದ್ದೆ, ನೆನಪೈತಿಲ್ಲೋ? ಆ ಜಾಗಾಕ್ಕ ಅದಕ್ಕಿಂತ ಹೊಂದೂ ಎಲಿ ಯಾವುದೈತಿ?'

(ಮೈಸೂರು ಕಡೆಯ ಓದುಗರಿಗೆ: ಔಡಲ ಅಂದರೆ ನಿಮ್ಮ ಹರಳು ಗಿಡ. ಹರಳೆಣ್ಣೆ ಗೊತ್ತಲ್ಲ, ಅದೇ. ಈ ಅಡ್ಡಮಾತು ಮುಂದೆ ಬೇಕಾಗಲಿದೆ.)

ನಾಲ್ಕು ದಿನ ತಾಯಿ ಮಗ ತಲೆ ಎತ್ತಲಿಲ್ಲ. ಅವರು ಬಟ್ಟೆಯ ಮೇಲೆ ಹೊಲಿದು ತೋರಿಸುವುದು, ಇವರು ಚೌಕಳಿ ಕಾಗದದ ಮೇಲೆ ಇಳಿಸುವುದು. ಆದದ್ದು ಮಾತ್ರ ನೋಡಬೇಕಿತ್ತು. ನನ್ನ ಗಂಡನ ಕೈಯಲ್ಲಿ ಇಂಥದ್ದು ಇದೆ ಅಂತ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನೋಡಿದೆ. ನಿಜ ಹೇಳುತ್ತೇನೆ, ಹೆಮ್ಮೆಯಾಯಿತು.

ಸೇಠ್ ಒಂದು ಸ್ಯಾಂಪಲ್ ಮಾಡಿಸಿದರು. ಯಾರೂ ನೋಡಬಾರದು ಅಂತ ಅದನ್ನು ಎರಡು ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದದ್ದಾಯಿತು. ಮೆಟ್ಟಿಲಲ್ಲಿ ಸಿಕ್ಕ ಎದುರು ಮನೆಯಾಕೆ 'ಫ್ರಿಜ್ಜಾ ಅಂಡಿ?' ಅಂದಳು. 'ಹಂಗ ಅನ್ಕೋರಿ' ಅಂದರು ನಮ್ಮವರು. ನಮ್ಮ ಎರಡು ಬಚ್ಚಲಲ್ಲಿ ಒಂದಕ್ಕೆ ಅದನ್ನು ಕೂರಿಸಿ, ಬಾಗಿಲಿಗೆ ಬೀಗ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಮೂವರಿಗೆ ಒಂದೇ ಬಚ್ಚಲು ಉಳಿಯಿತು. ಬೆಳಿಗ್ಗೆ ಕ್ಯೂ.

'ಅದರಾಗ ಹೋಗೂದು ಯಾವಾಗೋ?' ಅಂತ ಅತ್ತೆಯವರು ಅವಸರದಲ್ಲಿ ಕೇಳಿದರೆ, 'ರಿಜಿಸ್ಟರ್ ನಂಬರ ಬಂದ ಮ್ಯಾಲೆ' ಅನ್ನುವ ಉತ್ತರ.

ನನಗೆ ಒಂದೇ ಮಾತು ಹೇಳಿದ್ದರು: 'ಯಾರಿಗೂ ಹೇಳಬ್ಯಾಡ.'

ಹೇಳಲಿಲ್ಲ. ಬರೆದೆ.

ಏನು ಮಾಡಲಿ? ಗುರುವಾರ ಬಂದಿತ್ತು, ವಿಷಯ ಬಂದಿರಲಿಲ್ಲ. ವಾರಕ್ಕೊಂದು ಬರೆಯುವವರ ಹೊಟ್ಟೆಯ ಸಂಕಟ ನಿಮಗೇನು ಗೊತ್ತು! 'ಯಾರಿಗೂ' ಅಂದರೆ ಕೂಕಟ್‌ಪಲ್ಲಿಯವರಿಗೆ ಅಂತ ಅರ್ಥ ಮಾಡಿಕೊಂಡೆ. ಕರ್ನಾಟಕದವರು ಇಲ್ಲಿಗೆ ಬಂದು ಕಮೋಡಿನ ಗುಟ್ಟು ಹೇಳುತ್ತಾರೆಯೇ? ಎಸ್‌ಟಿಡಿ ಅಂಗಡಿಯಿಂದ ಫ್ಯಾಕ್ಸ್ ಮಾಡಿದೆ. ನೀವೂ ಓದಿದಿರಿ. ಏಳು ಕಾರ್ಡು ಬಂದವು, ಬಿಸ್ಕತ್ತಿನ ಡಬ್ಬಿ ಸೇರಿದವು. ಅಂಚೆಯಲ್ಲಿ ಬಂದ ಪೇಪರನ್ನು ಎಂದಿನಂತೆ ಟೀಪಾಯಿಯ ಮೇಲಿಟ್ಟೆ. ನಮ್ಮವರು ಎಂದಿನಂತೆ ಅದರ ಮೇಲೆ ಚಹಾದ ಕಪ್ಪು ಇಟ್ಟರು.

ಅದಾಗಿ ಹದಿನೈದು ದಿನಕ್ಕೆ ಅರ್ಜಿ ಹಾಕಲು ಅಬಿಡ್ಸ್‌ಗೆ ಹೋದೆವು. ಶಾಸ್ತ್ರಿಗಾರು ಅನ್ನುವ ವಕೀಲರು. ಇಂಥ ಅರ್ಜಿಗಳನ್ನು ಕಲ್ಕತ್ತಾಗೆ (ಈಗ ಕೋಲ್ಕತಾ ಅನ್ನಬೇಕಂತೆ) ಕಳಿಸುವುದೇ ಅವರ ಕೆಲಸ. ಅರವತ್ತು ದಾಟಿದವರು, ಮಾತೆಲ್ಲ ತೆಲುಗು. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಅಷ್ಟೇ.

'ಡಿಸೈನ್ ತೋರಿಸಿ' ಅಂದರು.

ನಮ್ಮವರು ಅರಗಿನ ಮುದ್ರೆ ಒತ್ತಿದ ಲಕೋಟೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಇಟ್ಟರು. 'ಅರ್ಜಿ ಪೂರ್ತಿ ತಯಾರಾಗಲಿ. ಆಮೇಲೆ ತೆಗೆಯುತ್ತೇನೆ.'

ಶಾಸ್ತ್ರಿಗಾರು ನಕ್ಕು, ಸರಿ ಅಂತ ಪ್ರಶ್ನೆ ಕೇಳುತ್ತಾ ಹೋದರು. ಈ ಕಾಯ್ದೆಗೆ ಬೇಕಾದದ್ದು ಕಣ್ಣೊಂದೇ ಅಂತ ವಿವರಿಸಿದರು. ನೀರು ಹೋಗುತ್ತೋ ಇಲ್ಲವೋ, ಕೂತರೆ ಸೊಂಟ ನೋಯುತ್ತೋ ಇಲ್ಲವೋ, ಅದೆಲ್ಲ ಲೆಕ್ಕಕ್ಕಿಲ್ಲ. ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದಷ್ಟೇ ವಿಚಾರ. (ಮನೆಗೆ ಬಂದು ಇದನ್ನು ಅತ್ತೆಯವರಿಗೆ ಹೇಳಿದರೆ, 'ಕುಂದರಾವರಿಗೆ ಬೆನ್ನಾಗ ಕಣ್ಣಿರತಾವೇನು?' ಅಂದರು. ಕಾಯ್ದೆ ಬರೆದವರಿಗೆ ಈ ಪ್ರಶ್ನೆ ಹೊಳೆದಿತ್ತೋ ಇಲ್ಲವೋ.)

'ಕೊನೆಯ ಪ್ರಶ್ನೆ. ಎವರಿಕೈನಾ ಚೂಪಿಂಚಾರಾ? ಯಾರಿಗಾದರೂ ತೋರಿಸಿದ್ದೀರಾ?'

'ನಾನು ಎಲ್ಲಿ ಕೆಲಸ ಮಾಡಿದವನು, ಗೊತ್ತಲ್ಲ?' ಅಂದರು ನಮ್ಮವರು, ಎದೆ ಸ್ವಲ್ಪ ಮುಂದೆ ತಂದು. 'ಮಾಡಿಸಿದ ಸೇಠ್, ನನ್ನ ತಾಯಿ, ನನ್ನ ಹೆಂಡತಿ. ಅಷ್ಟೇ.'

'ಅವರು ಸರಿ, ಒಳಗಿನವರು. ಎಲ್ಲೂ ಅಚ್ಚಾಗಿಲ್ಲವಲ್ಲ? ಪೇಪರು, ಮ್ಯಾಗಝೀನು? ಅರ್ಜಿಗೆ ಮೊದಲು ಒಂದು ಸಲ ಪ್ರಕಟವಾಯಿತೋ, ಮುಗಿಯಿತು. ಅದು ಹೊಸದೇ ಅಲ್ಲ. ಯಾವ ಊರಿನಲ್ಲಾದರೂ ಸರಿ, ಯಾವ ಭಾಷೆಯಲ್ಲಾದರೂ ಸರಿ.'

ಮೇಜಿನ ಮೇಲಿದ್ದ ನೀರನ್ನು ಕೇಳದೆಯೇ ಕುಡಿದುಬಿಟ್ಟೆ. ಅದು ಶಾಸ್ತ್ರಿಗಾರು ಅರ್ಧ ಕುಡಿದಿಟ್ಟ ಗ್ಲಾಸು.

'ಏನ್ರೀ...' ಅಂದೆ.

'ಏನು?'

'ಸ್ವಲ್ಪ ಬರದೀನ್ರಿ.'

'ಏನ ಸ್ವಲ್ಪ?'

'ಎಲ್ಲಾ.'

ನಮ್ಮವರು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಲಕೋಟೆಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ನಾಳೆ ಆ ಪೇಪರು ತನ್ನಿ, ನೋಡೋಣ ಅಂತ ಶಾಸ್ತ್ರಿಗಾರು ಹೇಳಿದ್ದಕ್ಕೆ ತಲೆಯಾಡಿಸಿದರು. ಬಸ್ಸಿನಲ್ಲಿ ಕೂಕಟ್‌ಪಲ್ಲಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತರು. ಮನೆಯ ಬಾಗಿಲು ತೆಗೆದ ಕೂಡಲೇ ಎದುರಿಗೆ ಕಂಡದ್ದು ಗೋಡೆಯ ಆ ಬರೀ ಮೊಳೆ.

ನನಗೆ ಅವತ್ತು ಆದ ನಾಚಿಕೆ ಯಾರಿಗೂ ಬೇಡ. ದೇಶದ ಯಾವ್ಯಾವುದೋ ಗುಟ್ಟನ್ನು ಆ ಮನುಷ್ಯ ಇಪ್ಪತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡರು. ಒಂದು ಕಮೋಡಿನ ಗುಟ್ಟನ್ನು ನಾನು ಹದಿನೈದು ದಿನ ಇಟ್ಟುಕೊಳ್ಳಲಿಲ್ಲ. ನನ್ನ ಹೆಸರು ಐನೂರು ಸಲ ಅಚ್ಚಾಗಿದೆ. ಅವರ ಹೆಸರು ಒಂದೇ ಒಂದು ಸಲ ಅಚ್ಚಾಗಬೇಕಿತ್ತು. ಅದಕ್ಕೂ ಕಲ್ಲು ಹಾಕಿದೆ.

ಅತ್ತೆಯವರಿಗೆ ವಿಷಯ ಗೊತ್ತಾಯಿತು. ಸೂಜಿಗೆ ದಾರ ಪೋಣಿಸುತ್ತಲೇ ಒಂದು ಮಾತು ಅಂದರು: 'ಕಸೂತ್ಯಾಗ ಗಂಟ ಹಾಕಂಗಿಲ್ಲ. ಆ ಉಳದ ಗಂಟ ನಿನ್ನ ಬಾಯಿಗಿ ಹಾಕಬೇಕಿತ್ತು ನೋಡವಾ.'

ಮರುದಿನ ಪೇಪರು ಹಿಡಿದು ಮತ್ತೆ ಅಬಿಡ್ಸ್. ಶಾಸ್ತ್ರಿಗಾರು ಮೊದಲು ನೋಡಿದ್ದು ಲೇಖನದ ಜೊತೆಗಿದ್ದ ಚಿತ್ರ. ನೋಡಿದವರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

'ಇದೇನಮ್ಮಾ? ನಿಮ್ಮ ಡಿಸೈನು ಇದಾ?'

ಚಿತ್ರದಲ್ಲಿ ಒಂದು ಕಮೋಡು ಬಾಯಿ ತೆರೆದುಕೊಂಡಿತ್ತು. ಆ ಬಾಯಿಗೆ ಮೇಲೆ ಕೆಳಗೆ ಎರಡು ಸಾಲು ಹಲ್ಲು. ಪಕ್ಕದಲ್ಲಿ ಬಳ್ಳಿ, ಬಳ್ಳಿಯ ತುಂಬ ಸಣ್ಣ ಸಣ್ಣ ದವಡೆಗಳು.

ನಮ್ಮವರು ಒಂದು ಕ್ಷಣ ನೋಡಿದರು. ಆಮೇಲೆ ಅವರ ಭುಜ ಕುಲುಕಲು ಶುರುವಾಯಿತು. ಎರಡು ದಿನದಲ್ಲಿ ಮೊದಲ ನಗು. ನಮ್ಮ ಪತ್ರಿಕೆಯ ಚಿತ್ರಕಾರ ಮೈಸೂರು ಕಡೆಯವನು. ಔಡಲ ಅನ್ನುವ ಗಿಡ ಅವನ ಕನ್ನಡದಲ್ಲಿ ಇಲ್ಲ. ಔಡು ಇದೆ. ಔಡುಗಚ್ಚಿದರು ಅನ್ನುತ್ತೇವಲ್ಲ, ಆ ದವಡೆಯ ಔಡು. (ನಾನು ಆ ಲೇಖನದಲ್ಲಿ ಹರಳು ಅಂತ ಒಂದು ಮಾತು ಬರೆದಿರಲಿಲ್ಲ. ಬರೆದಿದ್ದರೆ ವಜ್ರದ ಹರಳು ಕೂರಿಸುತ್ತಿದ್ದನೋ ಏನೋ.) ಅವನು ಪಾಪ, ಇದ್ದುದರಲ್ಲಿ ಅರ್ಥ ಮಾಡಿಕೊಂಡು, ಕಚ್ಚುವ ಕಮೋಡು ಬರೆದಿದ್ದ.

'ಗ್ರೇಟ್!' ಅಂದರು ಶಾಸ್ತ್ರಿಗಾರು. 'ಚಿತ್ರದಿಂದ ಏನೂ ತೊಂದರೆಯಿಲ್ಲ. ಹಲ್ಲಿನ ಕಮೋಡು ಬೇಕಾದರೆ ಅವನೇ ರಿಜಿಸ್ಟರ್ ಮಾಡಿಸಿಕೊಳ್ಳಲಿ. ಇನ್ನು ಉಳಿದದ್ದು ನಿಮ್ಮ ಮಾತು.'

ಆಗಲೇ ಆ ಸ್ಟ್ಯಾಂಪ್ ಪೇಪರು ಹೊರಗೆ ಬಂದದ್ದು. ಹಿಂದಿನ ಸಂಜೆಯೇ ಟೈಪ್ ಮಾಡಿಸಿಟ್ಟಿದ್ದರು. ಬರೀ ಮಾತು ಓದಿ ಯಾರಿಗೂ ಡಿಸೈನು ಕಣ್ಣ ಮುಂದೆ ಬರದಿದ್ದರೆ, ಅದು ಪ್ರಕಟವಾದ ಹಾಗಲ್ಲ ಅಂತ ವಾದ ಮಾಡಬಹುದು ಅಂದರು. ಹಾಗಂತ ಬರೆದವರೇ ಪ್ರಮಾಣ ಮಾಡಿಕೊಟ್ಟರೆ ಫೈಲಿನಲ್ಲಿ ಇರಲಿ, ಒಳ್ಳೆಯದು.

ಕಣ್ಣಿಗೆ ಕಟ್ಟುವುದಿಲ್ಲ ಅಂತ ನಾನೇ ಬರೆದುಕೊಡಬೇಕು! ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಮೊಳೆಯೂ ನೆನಪಾಯಿತು. ಪೆನ್ನು ಕೈಗೆತ್ತಿಕೊಂಡೆ.

'ಒಂದು ನಿಮಿಷ' ಅಂದರು ಶಾಸ್ತ್ರಿಗಾರು. 'ನಾನು ಸುಳ್ಳು ಕಾಗದ ಕಳಿಸುವವನಲ್ಲ. ನಿಮ್ಮ ಡಿಸೈನು ನಾನಿನ್ನೂ ನೋಡಿಲ್ಲ. ಹಾಗಾಗಿ ನಾನೇ ಪರೀಕ್ಷೆ. ಸಾರ್ ಇದನ್ನು ನನಗೆ ತೆಲುಗಿನಲ್ಲಿ ಓದಿ ಹೇಳಲಿ. ನನಗೆ ಏನು ಕಾಣುತ್ತೋ ಅದನ್ನು ಗೀಚುತ್ತೇನೆ. ಆಮೇಲೆ ಲಕೋಟೆ ಒಡೆಯೋಣ. ಬೇರೆ ಬೇರೆ ಇದ್ದರೆ ಧೈರ್ಯವಾಗಿ ಸಹಿ ಹಾಕಿ.'

ನೋಡಿ, ಹನ್ನೊಂದು ವರ್ಷದ 'ಆಮ್ಯಾಲೆ' ಬಂದದ್ದು ಹೀಗೆ. ಒಬ್ಬ ವಕೀಲರ ಆಫೀಸಿನಲ್ಲಿ, ಅಪರಾಧಿಯ ಎದುರಿಗೆ, ಬೇರೆ ಭಾಷೆಯಲ್ಲಿ.

ನಮ್ಮವರು ಓದತೊಡಗಿದರು. ಮೊದಲ ಪ್ಯಾರಾ ಯಾವುದೋ ಮಷೀನಿನ ಕೈಪಿಡಿ ಓದಿದ ಹಾಗೆ ಓದಿದರು. ಅತ್ತೆಯವರು ಷಣ್ಮುಖನನ್ನು ನಡೆಸಿಕೊಂಡು ಹೋದ ಕಡೆ ಒಮ್ಮೆ ಗಂಟಲು ಸರಿಮಾಡಿಕೊಂಡರು. ಔಡಲೆಣ್ಣೆ ಬಂದಾಗ ನಿಲ್ಲಿಸಿ, ನನ್ನ ಕಡೆ ನೋಡಿ, ಮತ್ತೆ ಓದಿದರು. ಔಡಲ ಎಲೆ ತೆಲುಗಿನಲ್ಲಿ 'ಆಮುದಂ ಆಕು' ಆಯಿತು. ಅಷ್ಟು ಕೇಳಿದ್ದೇ ಶಾಸ್ತ್ರಿಗಾರು 'ಓ, ಮಾ ಚೇನುಲೋ' ಅಂದರು. ಅವರ ಹೊಲದ ಬದುವಿನಲ್ಲಿ ಅದೇ ಗಿಡವಂತೆ. ಪೆನ್ಸಿಲ್ ಚುರುಕಾಯಿತು.

ಬುಡದಿಂದ ಹೊರಟ ನೀಲಿ ಬಳ್ಳಿ. (ಔಡಲ ಬಳ್ಳಿಯಲ್ಲ, ಗೊತ್ತು. ಕಸೂತಿಯಲ್ಲಿ ಎಲ್ಲವೂ ಬಳ್ಳಿಯಾಗುತ್ತದೆ.) ಸೊಂಟ ಬಳಸಿ, ಅಂಚಿನ ಕೆಳಗೆ ಒಂದು ಸುತ್ತು ಬಂದು, ಹಿಂದಿನ ಟ್ಯಾಂಕಿಗೆ ಹತ್ತುತ್ತದೆ. ಎಂಟು ಬೆರಳಿನ ಎಲೆಗಳು, ದುಂಡನೆಯ ಗೆರೆ ಒಂದೂ ಇಲ್ಲ, ಎಲ್ಲ ಮೆಟ್ಟಿಲು ಮೆಟ್ಟಿಲು. ಬಳ್ಳಿಯ ತುದಿಯಲ್ಲಿ ನೀರು ಬಿಡಲು ಒತ್ತುವ ಗುಂಡಿ ಇದೆಯಲ್ಲ, ಅದೇ ಮುಳ್ಳುಮುಳ್ಳಿನ ಔಡಲಕಾಯಿ.

ನಾನು ಕೈ ಮುಗಿದು ಕೂತಿದ್ದೆ. ದೇವರೇ, ನನ್ನ ಬರವಣಿಗೆ ಕೆಟ್ಟದಾಗಿರಲಿ. ಇದೊಂದು ಸಲ ಯಾರಿಗೂ ಏನೂ ಕಾಣದಿರಲಿ. ಹಾಗೆ ಬೇಡಿಕೊಳ್ಳುತ್ತಲೇ ಓರೆಗಣ್ಣಿನಲ್ಲಿ ಶಾಸ್ತ್ರಿಗಾರ ಪೆನ್ಸಿಲು ನೋಡುತ್ತಿದ್ದೆ. ಅದು ಎಲ್ಲಾದರೂ ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಅಯ್ಯೋ, ಅಲ್ಲಿ ಸರಿಯಾಗಿ ಬರೆದಿಲ್ಲವೇನೋ! ಬರೆಯುವವರ ಬುದ್ಧಿಗೆ ನಾಚಿಕೆ ಅನ್ನುವುದಿದೆಯೇ ನೀವೇ ಹೇಳಿ?

ಓದಿ ಮುಗಿಯಿತು. ಶಾಸ್ತ್ರಿಗಾರು ಗೀಚಿದ ಹಾಳೆಯನ್ನು ತಿರುಗಿಸಿ ಇಟ್ಟರು. ನಮ್ಮವರು ಅರಗು ಒಡೆದು ನಕ್ಷೆ ಬಿಡಿಸಿ ಪಕ್ಕದಲ್ಲಿ ಹಾಸಿದರು. ಮೂವರೂ ಬಗ್ಗಿ ನೋಡಿದೆವು.

ನಮ್ಮವರು ಜೇಬಿನಿಂದ ಸ್ಕೇಲ್ ತೆಗೆದರು. (ನಿವೃತ್ತಿಯಾದರೂ ಆರಿಂಚಿನ ಸ್ಕೇಲ್ ಜೇಬು ಬಿಟ್ಟಿಲ್ಲ.) ಬಳ್ಳಿ ಎಲ್ಲಿ ತಿರುಗುತ್ತದೆ, ಎಲೆ ಎಲ್ಲಿ ಕೂಡುತ್ತದೆ ಅಂತ ಒಂದೊಂದೇ ಅಳೆದರು. ಎಲೆಗೆ ಎಂಟು ಬೆರಳು ಎಣಿಸಿದರು. ಗುಂಡಿಯ ಮುಳ್ಳಿನವರೆಗೂ ಹೋದರು.

'ಎಲ್ಲಾ ಐತಿ' ಅಂದರು.

ಕೆಳಗೆ ಬಸ್ಸಿನ ಹಾರ್ನು. ಶಾಸ್ತ್ರಿಗಾರು ಮೆಲ್ಲಗೆ ತಮ್ಮ ಹಾಳೆಯನ್ನು ಮಡಚಿ, 'ನಾನು ಸ್ವಲ್ಪ ಚೆನ್ನಾಗಿ ಚಿತ್ರ ಬರೆಯುತ್ತೇನೆ. ಎಲ್ಲರೂ ಹೀಗೆ ಬರೆಯಲಾರರು. ಬೇಕಾದರೆ...' ಅಂತ ಸ್ಟ್ಯಾಂಪ್ ಪೇಪರಿನ ಕಡೆ ನೋಡಿದರು. ಪಾಪ, ಒಳ್ಳೆಯ ಮನುಷ್ಯ.

ಬೇಕಾದರೆ ಸಹಿ ಹಾಕಿಬಿಡುತ್ತಿದ್ದೆ. ಆ ಮೊಳೆಗೋಸ್ಕರ ಏನು ಬೇಕಾದರೂ ಬರೆದುಕೊಡುತ್ತಿದ್ದೆ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡವರು ನಮ್ಮವರೇ. ಕ್ಯಾಪ್ ಹಾಕಿ, ನನ್ನ ಬ್ಯಾಗಿನಲ್ಲಿಟ್ಟು, 'ಸುಳ್ಳ ಪ್ರಮಾಣ ಬ್ಯಾಡ' ಅಂದರು. ಆಮೇಲೆ ಪೇಪರನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ ಇನ್ನೊಂದು ಮಾತು ಹೇಳಿದರು.

'ಭಾಳ ಛಲೋ ಬರದೀ. ಕಣ್ಣಿಗೆ ಕಟ್ಟಿದಂಗ ಐತಿ.'

ಅತ್ತುಬಿಟ್ಟೆ. ಅಬಿಡ್ಸ್‌ನ ಎರಡನೇ ಮಹಡಿಯಲ್ಲಿ, ಒಬ್ಬ ಗುರುತಿಲ್ಲದ ವಕೀಲರ ಎದುರಿಗೆ, ಮೂಗು ಒರೆಸಿಕೊಳ್ಳಲು ಕರ್ಚೀಫೂ ಇಲ್ಲದೆ ಅತ್ತೆ. ಹನ್ನೊಂದು ವರ್ಷ ಕಾದ ಮಾತು ಬಂತು. ಆದರೆ ಬರಬಾರದ ಹೊತ್ತಿಗೆ ಬಂತಲ್ಲ!

ಮನೆಗೆ ಬಂದು ನಮ್ಮವರು ಉಡಿದಾರದಿಂದ ಕೀಲಿಕೈ ಬಿಚ್ಚಿ ಬಚ್ಚಲಿನ ಬೀಗ ತೆಗೆದರು. ಇನ್ನು ಕಾಯುವುದು ಏನಿದೆ? ಔಡಲೆಲೆ ಈಗ ಊರಿಗೆಲ್ಲ ಸೇರಿದ್ದು. ಯಾರು ಬೇಕಾದರೂ ಮಾಡಿಸಿಕೊಳ್ಳಿ. (ನಿಮ್ಮ ಮನೆಗೂ. ಎಂಟು ಬೆರಳು ಮರೆಯಬೇಡಿ.) ಉದ್ಘಾಟನೆ ಮಾಡಿದವರು ಅತ್ತೆಯವರು. ಹೊರಗೆ ಬಂದು, 'ಭಾಳ ಆರಾಮ ಐತೋ ಬಸೂ' ಅಂತ ಸರ್ಟಿಫಿಕೇಟ್ ಕೊಟ್ಟರು. ಮಗ ನಕ್ಕರು. ಆದರೆ ಆ ಸರ್ಟಿಫಿಕೇಟನ್ನು ಮೊಳೆಗೆ ನೇತುಹಾಕಲು ಬರುವುದಿಲ್ಲವಲ್ಲ.

ಮೊಳೆ ಕಿತ್ತುಬಿಡೋಣವೇ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. ಮೂರನೇ ದಿನ ಬೆಳಿಗ್ಗೆ ಊಟದ ಟೇಬಲ್ಲಿನ ಮೇಲೆ ಹೊಸ ಚೌಕಳಿ ಕಾಗದ ಕಂಡಿತು. ನಾನು ಚಹಾ ತಂದರೆ ಅದರ ಮೇಲೆ ಟವೆಲ್ ಬೀಳುತ್ತದೆ. ತಾಯಿ ಮಗ ಪಿಸುಪಿಸು ಅನ್ನುತ್ತಾರೆ. ಅತ್ತೆಯವರು ಹೊಲಿಯುತ್ತಿದ್ದ ಬಟ್ಟೆಯನ್ನು ನನ್ನ ಹೆಜ್ಜೆಯ ಸದ್ದಿಗೆ ಸೆರಗಿನೊಳಗೆ ಸೇರಿಸುತ್ತಾರೆ. ಹೋದ ಸೋಮವಾರ ನಮ್ಮವರು ಒಬ್ಬರೇ ಅಬಿಡ್ಸ್‌ಗೆ ಹೋಗಿ ಬಂದರು. ಹೊಸ ಡಿಸೈನಿನ ಅರ್ಜಿ ಕಲ್ಕತ್ತಾ ದಾರಿ ಹಿಡಿದಿದೆಯಂತೆ.

'ಏನ್ ಬರದೀರಿ ಈ ಸಲ?' ಅಂತ ಕೇಳಿದೆ.

'ಒಂದ ಸಾಮಾನು' ಅಂದರು.

ಯಾರಿಗಾದರೂ ತೋರಿಸಿದ್ದೀರಾ ಅಂತ ಶಾಸ್ತ್ರಿಗಾರು ಮತ್ತೆ ಕೇಳಿದರಂತೆ. 'ಹೆಂಡತಿಗೂ ತೋರಿಸಿಲ್ಲ' ಅಂದದ್ದಕ್ಕೆ, ಅಷ್ಟು ಸಾಕು ಅಂತ ಎದ್ದು ನಿಂತು ಕೈ ಕುಲುಕಿದರಂತೆ.

ಬಯ್ಯಲು ನನಗೆ ಮುಖವಿಲ್ಲ. ಆದರೆ ಒಂದು ವಿಷಯ ಹೇಳಲೇಬೇಕು. ಈಗ ನಮ್ಮವರು ನನ್ನ ಅಂಕಣವನ್ನು ಪ್ರತಿ ವಾರ ಓದುತ್ತಾರೆ. ಅಚ್ಚಾದ ಮೇಲಲ್ಲ, ಫ್ಯಾಕ್ಸಿಗೆ ಹೋಗುವ ಮೊದಲೇ. ಕನ್ನಡಕ ಹಾಕಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ಒಂದೊಂದು ಅಕ್ಷರ ಬಿಡದೆ. ಹನ್ನೊಂದು ವರ್ಷ ಓದುಗ ಬೇಕು ಬೇಕು ಅಂತ ಹಂಬಲಿಸಿದೆ. ದೇವರು ಸೆನ್ಸಾರ್ ಅಧಿಕಾರಿಯನ್ನು ಕೊಟ್ಟ.

ಇದನ್ನೂ ಓದಿದರು. ಹೊಸ ಡಿಸೈನು ಏನಿರಬಹುದು ಅಂತ ನಾನು ಊಹಿಸಿ ಇಲ್ಲಿ ಮೂರು ಸಾಲು ಬರೆದಿದ್ದೆ. ಮೂರನ್ನೂ ಹೊಡೆದುಹಾಕಿದ್ದಾರೆ. ಅಂದರೆ ನನ್ನ ಊಹೆ ಸರಿ ಅಂತಲ್ಲವೇ? ಆ ಸಾಲುಗಳಲ್ಲಿ ಏನಿತ್ತು ಅಂತ ಕಾರ್ಡು ಬರೆದು ಕೇಳಬೇಡಿ. ಹೇಗೂ ದಿನಾ ಬೆಳಿಗ್ಗೆ ಹೋಗುತ್ತೀರಲ್ಲ, ಅಲ್ಲೇ ಕೂತು ಯೋಚಿಸಿ.